ಅಪ್‌ಡೇಟ್: ಆ ನೀಲಿ-ಹಸಿರು ಕಲ್ಲು ಫಿರೋಜಾ ಅಲ್ಲರೀ

ಬೆಳಗಾವಿಯಲ್ಲಿ ಫಿರೋಜಾ (ಟರ್ಕಾಯ್ಸ್) ಅಂತ ಕೊಂಡಿದ್ದ ಪದಕದ ಕಲ್ಲು ಅಸಲಿಯೋ ನಕಲಿಯೋ ಎಂದು ಕೇಳಿದ್ದೆ. ನೀವೆಲ್ಲ ಹೇಳಿದ ಪರೀಕ್ಷೆ ಮುಗಿದವು. ಅದು ಕ್ರಿಸೊಕೊಲ್ಲಾ ಎಂಬ ತಾಮ್ರದ ಖನಿಜ, ಬಣ್ಣ ಹಾಕಿದ್ದಲ್ಲ, ತಾಮ್ರದ್ದೇ ಬಣ್ಣ.

ನಿರ್ಣಯ ಕೊಟ್ಟದ್ದು ಸಾಂದ್ರತೆ. ಬೆಳ್ಳಿ ಕಟ್ಟಿನಿಂದ ಬಿಡಿಸಿದ ಕಲ್ಲಿನ ಒಣ ತೂಕ 6.24 ಗ್ರಾಂ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಲ್ಲನ್ನು ಸಣ್ಣ ದಾರದಲ್ಲಿ ತಳಕ್ಕೂ ಅಂಚಿಗೂ ತಾಗದಂತೆ ಮುಳುಗಿಸಿದರೆ 2.84 ಗ್ರಾಂ, ಅಂದರೆ ಕಲ್ಲು ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 2.2. ಫಿರೋಜಾ 2.6ಕ್ಕಿಂತ ಕೆಳಗೆ ಬರುವುದು ಅಪರೂಪ, ಕ್ರಿಸೊಕೊಲ್ಲಾ 1.9ರಿಂದ 2.4. ಮೊದಲ ಸಲ ಮುಳುಗಿಸಿದಾಗ ತಕ್ಕಡಿ 3.10 ಗ್ರಾಂ ತೋರಿತ್ತು, ದಾರದ ಗಂಟಿಗೆ ಗಾಳಿಗುಳ್ಳೆ ಅಂಟಿತ್ತು. ಒದ್ದೆ ಬ್ರಷ್ ಆಡಿಸಿ ಗುಳ್ಳೆ ಬಿಡಿಸಿ, ತಡಮಾಡದೆ ಅಂಕಿ ಓದಬೇಕು. ಕಲ್ಲು ನೀರು ಕುಡಿಯುತ್ತದೆ, ಅಂಕಿ ಜಾರುತ್ತದೆ.

ಹಿಂಬದಿಯಲ್ಲಿ ಚಾಕುವಿನ ಮೊನೆ ಸಲೀಸಾಗಿ ಗೀರಿತು, ಪುಡಿ ತಿಳಿ ನೀಲಿ. ಅಸಿಟೋನ್ ಹತ್ತಿಗೆ ಬಣ್ಣ ಹತ್ತಲಿಲ್ಲ. ಫಿರೋಜಾ ಅಂತ ಮಾರುವ, ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲಾಗಿದ್ದರೆ ಗೀರಿದಲ್ಲಿ ಬಿಳಿ ಕಾಣುತ್ತಿತ್ತು. ಕಡು ಹಸಿರು ಚುಕ್ಕೆಯ ಮೇಲೆ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ ಒಂದೇ ಹನಿ ಬಿದ್ದಾಗ ನೊರೆ ಎದ್ದಿತು: ಅದು ಮ್ಯಾಲಕೈಟ್, ತಾಮ್ರದ್ದೇ ಹಸಿರು ಖನಿಜ. ನೀಲಿ ಭಾಗ ಸುಮ್ಮನಿತ್ತು. ಪ್ಲಾಸ್ಟಿಕ್ ಇದೆಯೇ ನೋಡಲು ಕಾದ ಸೂಜಿ ಚುಚ್ಚುವ ಸಲಹೆ ಮಾತ್ರ ಕೈಬಿಟ್ಟೆ, ಕಲ್ಲೇ ಕೆಡುತ್ತದೆ.

ಉಂಗುರಕ್ಕೆ ಇದು ತೀರಾ ಮೆತ್ತಗೆ; ಪದಕವಾಗಿಯೇ ಇರಲಿ. ಬೆಳ್ಳಿ ತೊಳೆಯುವಾಗ ಹುಣಸೆ, ನಿಂಬೆ ತಾಗಿಸಬೇಡಿ, ಅಲ್ಟ್ರಾಸೋನಿಕ್ ಯಂತ್ರಕ್ಕೂ ಹಾಕಬೇಡಿ. ಒದ್ದೆ ಬಟ್ಟೆ ಸಾಕು.