‘ಹೆಚ್’ ಅಂದರೆ ಹಳ್ಳಿ, ‘ಎಚ್’ ಅಂದರೆ ಪೇಟೆಯಾ?

ಮಾನ್ವಿಯವನು: ನನ್ನ ಅಕ್ಕನ ಮಗಳು ಕಳೆದ ವಾರ ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಕೊಟ್ಟಳು. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಹೇಳಿದ್ದಾಳೆ. ‘ಹೆಚ್‌ಆರ್’ ಅಂದಾಗ ಮಾತು ನಿಲ್ಲಿಸಿ ‘ಎಚ್‌ಆರ್’ ಅಂತ ತಿದ್ದಿದರಂತೆ. ಕೊನೆಗೆ ‘ಇಂಗ್ಲಿಷಿನಲ್ಲಿ ಊರಿನ ಧಾಟಿ ಜಾಸ್ತಿ’ ಅಂತ ಹೇಳಿ ವಾಪಸ್ ಕಳಿಸಿದರು. ಮಾತು ಅರ್ಥ ಆದರೆ ಸಾಲದಾ?

ಇಂಗ್ಲಿಷ್ ಮೇಷ್ಟ್ರು: ಸಾಲದು. ಭಾಷೆಗೊಂದು ಶಿಸ್ತು ಇದೆ. ಇಂಗ್ಲಿಷಿನ H ಅಕ್ಷರದ ಹೆಸರು ‘ಎಚ್’, ‘ಹೆಚ್’ ಅಲ್ಲ. ನನ್ನ ಕ್ಲಾಸಿನಲ್ಲಿ ನಾನು ಮೊದಲು ತಿದ್ದುವುದೇ ಇದನ್ನು.

ಕುಂದಾಪುರದಿಂದ: ಶಿಸ್ತು ಅಂದಿರಲ್ಲ, ಯಾರ ಶಿಸ್ತು? ಲಂಡನ್ ಕಡೆಯವರು ‘ಕಾರ್’ ಅಂದರೆ ಕೊನೆಯ ರಕಾರ ಕೇಳಿಸುವುದೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ಚೆನ್ನಾಗಿ ಕೇಳಿಸುತ್ತದೆ. 1941ರಲ್ಲಿ ವಿಲ್ಫ್ರೆಡ್ ಪಿಕಲ್ಸ್ ಬಿಬಿಸಿ ವಾರ್ತೆಯನ್ನು ಉತ್ತರ ಇಂಗ್ಲೆಂಡಿನ ತಮ್ಮ ಯಾರ್ಕ್‌ಶೈರ್ ಧಾಟಿಯಲ್ಲೇ ಓದಿದರು. ಅವರ ದೇಶದಲ್ಲೇ ನಡೆಯುತ್ತದೆ, ಮಾನ್ವಿ ಹುಡುಗಿಗೆ ಮಾತ್ರ ನಡೆಯಬಾರದಾ?

ಇಂಗ್ಲಿಷ್ ಮೇಷ್ಟ್ರು: ಪಿಕಲ್ಸ್ ಹೆಸರು ಹೇಳಿದವರು ಪೂರ್ತಿ ಹೇಳಿ. ಕೇಳುಗರು ದೂರು ಕೊಟ್ಟಿದ್ದರು. ಬಿಬಿಸಿ 1926ರಲ್ಲೇ ಉಚ್ಚಾರಕ್ಕೆ ಅಂತ ಒಂದು ಸಮಿತಿ ಮಾಡಿತ್ತು. ಕವಿ ರಾಬರ್ಟ್ ಬ್ರಿಡ್ಜಸ್ ಅದರ ಅಧ್ಯಕ್ಷರು.

ಕುಂದಾಪುರದಿಂದ: ಆ ಸಮಿತಿ 1939ರಲ್ಲಿ ನಿಂತುಹೋಯಿತು. ಅದನ್ನು ಯಾಕೆ ಬಿಟ್ಟಿರಿ?

ಮದ್ದೂರಿನ ಸೊಸೆ: ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಇಂಗ್ಲಿಷಿನ ಅಕ್ಷರದಲ್ಲಿ ಹಕಾರ ಬಿಟ್ಟರೆ ಓದಿದವರು. ನಮ್ಮ ಮಂಡ್ಯ ಕಡೆ ‘ಹಾಲು’ ಅನ್ನುವುದಕ್ಕೆ ‘ಆಲು’ ಅಂದರೆ ಹಳ್ಳಿಯವರು, ಎಲ್ಲರಿಗೂ ನಗು. ಇದ್ಯಾವ ನ್ಯಾಯ?

ಇಂಗ್ಲಿಷ್ ಮೇಷ್ಟ್ರು: ಎರಡನ್ನೂ ಒಂದೇ ಮಾಡಬೇಡಿ ತಾಯಿ. ‘ಆಲು’ ತಪ್ಪೇ.

ಹಳಗನ್ನಡ ಓದುಗ: ತಪ್ಪು ಅನ್ನುವ ಮಾತು ವಾಪಸ್ ತಗೊಳ್ಳಿ. ಹಳಗನ್ನಡದಲ್ಲಿ ಅದು ‘ಪಾಲ್’. ಆಮೇಲೆ ಪಕಾರ ಹಕಾರ ಆಯಿತು. ಮಂಡ್ಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ನಿಮ್ಮ ಲೆಕ್ಕದಲ್ಲಿ ‘ಹಾಲು’ ಕೂಡ ತಪ್ಪಾಗಬೇಕು.

ಇಂಗ್ಲಿಷ್ ಮೇಷ್ಟ್ರು: ಸಾವಿರ ವರ್ಷದ ಹಿಂದಿನ ಮಾತು ಇಂಟರ್‌ವ್ಯೂಗೆ ಬರುವುದಿಲ್ಲ.

ಮದ್ದೂರಿನ ಸೊಸೆ: ತಾಯಿ ಅಂತ ಕರೆದು ನಮ್ಮೂರಿನ ಮಾತೇ ತಪ್ಪು ಅಂತೀರಾ? ನನ್ನ ಅತ್ತೆ ಬದುಕಿಡೀ ಹಾಗೇ ಮಾತಾಡಿದವರು. ಅವರ ಮಾತು ಯಾರಿಗೂ ಅರ್ಥವಾಗದೆ ಹೋಗಿಲ್ಲ.

ಹುಬ್ಬಳ್ಳಿಯವ: ಹಾಲಿನ ವಿಷಯ ಬಿಡ್ರಿ, ಅಕ್ಷರಕ್ಕೆ ಬರ್ರಿ. ‘ಎಚ್.ಡಿ. ದೇವೇಗೌಡ’ ಅಂತ ಒಬ್ಬರು ಬರೀತಾರೆ, ‘ಹೆಚ್.ಡಿ.’ ಅಂತ ಇನ್ನೊಬ್ಬರು. ಐರ್ಲೆಂಡಿನಲ್ಲಿ ‘ಹೆಚ್’ ಅನ್ನುವವರೇ ಜಾಸ್ತಿ. ಉತ್ತರ ಐರ್ಲೆಂಡಿನಲ್ಲಂತೂ ಈ ಒಂದು ಅಕ್ಷರ ಕೇಳಿಯೇ ಇವರು ಕ್ಯಾಥೊಲಿಕ್, ಇವರು ಪ್ರಾಟೆಸ್ಟೆಂಟ್ ಅಂತ ಊಹಿಸುವುದುಂಟು.

ಇಂಗ್ಲಿಷ್ ಮೇಷ್ಟ್ರು: ನಾವು ಐರ್ಲೆಂಡಿನಲ್ಲಿ ಇಲ್ಲ.

ಕುಂದಾಪುರದಿಂದ: ಇಂಗ್ಲೆಂಡಿನಲ್ಲೂ ಇಲ್ಲ!

ಫೋನ್ ಟ್ರೈನರ್: ಎಲ್ಲರೂ ಒಂದೇ ಅಕ್ಷರ ಹಿಡಿದು ಕೂತಿದ್ದೀರಿ. ಫೋನಿನಲ್ಲಿ ತೊಡಕಾಗುವುದು ಬೇರೆ ಕಡೆ. ಕನ್ನಡದಲ್ಲಿ ವಕಾರ ಒಂದೇ, ಇಂಗ್ಲಿಷಿನಲ್ಲಿ ಎರಡು, V ಮತ್ತು W. ಒಂದಕ್ಕೆ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ನಾವು ಎರಡನ್ನೂ ಒಂದೇ ಥರ ಹೇಳಿದರೆ ದ್ರಾಕ್ಷಿ ಬಳ್ಳಿಯೂ (vine) ‘ವೈನ್’, ಕುಡಿಯುವುದೂ (wine) ‘ವೈನ್’. ‘ಡೆವಲಪ್’ ಅನ್ನುವಾಗ ಒತ್ತು ‘ವೆ’ ಮೇಲೆ ಬೀಳಬೇಕು, ನಮ್ಮವರು ‘ಡೆ’ ಮೇಲೆ ಹಾಕುತ್ತಾರೆ. ಇದನ್ನು ಕಲಿಸಿದರೆ ಉಪಯೋಗ ಇದೆ. ‘ಹೆಚ್’ ಅಂದಿದ್ದಕ್ಕೆ ಯಾವ ಗ್ರಾಹಕರೂ ಫೋನ್ ಇಟ್ಟಿದ್ದು ನಾನು ನೋಡಿಲ್ಲ.

ಇಂಗ್ಲಿಷ್ ಮೇಷ್ಟ್ರು: ನೋಡಿ, ಟ್ರೈನರ್ ಅವರೇ ‘ಕಲಿಸಿದರೆ ಉಪಯೋಗ’ ಅಂದರು. ನಾನು ಹೇಳುತ್ತಿರುವುದೂ ಅದೇ.

ಫೋನ್ ಟ್ರೈನರ್: ಅದೇ ಅಲ್ಲ ಸರ್. ನನ್ನ ಕೊನೆಯ ಸಾಲನ್ನೂ ಓದಿ.

ಮಾನ್ವಿಯವನು: ‘ಕಲಿಸಿದರೆ’ ಅಂತೀರಲ್ಲ, ಅವಳಿಗೆ ಯಾರೂ ಕಲಿಸಲು ಕರೆಯಲಿಲ್ಲ. ತಿದ್ದಿದರು, ಕಳಿಸಿದರು.

ಇಂಗ್ಲಿಷ್ ಮೇಷ್ಟ್ರು: ಕೆಲಸ ಕೊಡುವವರು ಕೇಳಿದಂತೆ ಮಾತಾಡಬೇಕು. ಇದರಲ್ಲಿ ಅವಮಾನ ಏನು ಬಂತು?

ಮದ್ದೂರಿನ ಸೊಸೆ: ಅವಮಾನ ಮಾಡಿದವರು ನೀವು. ‘ಆಲು’ ತಪ್ಪು ಅಂದಿರಿ, ಹಳಗನ್ನಡದವರು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.