ದವಡೆ ಜಾಯಿಂಟ್ ಮುಟ್ಟಿದ್ರೆ ಎಲ್ರೂ ನೋವು ಅಂತಾರೆ, ಎಲ್ಲಿ ತಪ್ತಿದೀನಿ?

ಇಂಟರ್ನ್_ಹಲ್ಲು: ಮೂರು ದಿನದಿಂದ ತಲೆ ಕೆಟ್ಟೋಗಿದೆ. ಟಿಎಂಜೆ (ಕಿವಿ ಮುಂದಿರೋ ದವಡೆ ಜಾಯಿಂಟ್) ಒತ್ತಿ ನೋಡೋದು ಪ್ರಾಕ್ಟೀಸ್ ಮಾಡ್ತಿದೀನಿ, ಫ್ರೆಂಡ್ಸ್ ಆರು ಜನ, ಯಾರೂ ದವಡೆ ತೊಂದರೆ ಇದೆ ಅಂದಿಲ್ಲ, ಆದ್ರೂ ಕಿವಿ ಮುಂದೆ ಒತ್ತಿದ್ರೆ ಐದು ಜನ ಮುಖ ಹಿಂಡ್ತಾರೆ. ಪುಸ್ತಕದಲ್ಲಿ ಇರೋ ಥರಾನೇ ಮಾಡ್ತಿರೋದು. ಹೀಗಾದ್ರೆ ನಿಜವಾದ ಪೇಷಂಟ್ ಬಂದಾಗ ಏನ್ ಮಾಡ್ಲಿ?

ಡಿಸ್ಕ್_ಗುರು: ಕ್ಲಿಕ್ ಸದ್ದು ಬರುತ್ತಾ? ಬಂದ್ರೆ ಡಿಸ್ಕ್, ಅಂದ್ರೆ ಜಾಯಿಂಟ್ ಒಳಗಿನ ಮೆತ್ತೆ, ಮುಂದಕ್ಕೆ ಜಾರಿರಬಹುದು.

ಇಂಟರ್ನ್_ಹಲ್ಲು: ಒಬ್ಬನಿಗೆ ಬರುತ್ತೆ ಸರ್, ನೋವಿಲ್ಲ ಅಂದಿದ್ದೂ ಅವನೊಬ್ಬನೇ.

ಡಿಸ್ಕ್_ಗುರು: ಡಿಸ್ಕ್ ಜಾರಿ ವಾಪಸ್ ಕೂರದಿದ್ರೆ ಕ್ಲಿಕ್ ಬರಲ್ಲ, ಬಾಯಿ ಕಮ್ಮಿ ತೆರೀಬಹುದು. ಉಳಿದೋರು ಬಾಯಿ ಎಷ್ಟು ತೆರೀತಾರೆ, ಅಳೀರಿ.

ಇಂಟರ್ನ್_ಹಲ್ಲು: ಎಲ್ರೂ 45 ಎಂಎಂ ಮೇಲೇನೆ, ಸರಿಯಾಗೇ ತೆರೀತಾರೆ.

ಡಿಸ್ಕ್_ಗುರು: ಆದ್ರೂ ಎಂಆರ್‌ಐ ಇಲ್ದೆ ಡಿಸ್ಕ್ ಅಲ್ಲ ಅನ್ನೋಕಾಗಲ್ಲ.

ಫಿಸಿಯೋ_ಅಕ್ಕ: ಆರೋಗ್ಯವಾಗಿರೋ ಐದು ಜನಕ್ಕೆ ಒಟ್ಟಿಗೆ ಡಿಸ್ಕ್ ಯಾಕ್ ಜಾರುತ್ತೆ ಸರ್? ತಮ್ಮಾ, ಎಷ್ಟು ಜೋರಾಗಿ ಒತ್ತುತ್ತೀಯ? ಹಲ್ಲು ಹೇಗಿರುತ್ತೆ ಆಗ?

ಇಂಟರ್ನ್_ಹಲ್ಲು: ಮಸೀಟರ್‌ಗೆ (ಕೆನ್ನೆಯಲ್ಲಿರೋ ಅಗಿಯೋ ಸ್ನಾಯು) ಒತ್ತೋ ಅಷ್ಟೇ ಅಕ್ಕ. ಜಾಯಿಂಟ್ ಅಲ್ಲಾಡಬಾರದು ಅಂತ ಹಲ್ಲು ಗಟ್ಟಿಯಾಗಿ ಕಚ್ಚಿಸ್ತೀನಿ, ಇದು ಎಲ್ರಿಗೂ ಗೊತ್ತಿರೋದೇ ಅಂತ ಬರೀಲಿಲ್ಲ.

ಫಿಸಿಯೋ_ಅಕ್ಕ: ಅದೇ ನೋಡು! ಕಚ್ಚಿದ್ರೆ ಮಸೀಟರ್ ಬಿಗಿಯುತ್ತೆ, ನೋವು ಸ್ನಾಯುದಾ ಜಾಯಿಂಟ್‌ದಾ ಗೊತ್ತೇ ಆಗಲ್ಲ. ಹಲ್ಲಿಗೆ ಹಲ್ಲು ತಾಗದ ಹಾಗೆ ದವಡೆ ಸಡಿಲ ಬಿಡಿಸು. ಟ್ರೇಗಸ್ (ಕಿವಿ ತೂತಿನ ಮುಂದಿನ ಸಣ್ಣ ಉಬ್ಬು) ಮುಂದೆ ಬೆರಳಿಟ್ಟು ಸ್ವಲ್ಪ ಬಾಯಿ ತೆಗೆಸಿದ್ರೆ ಕಾಂಡೈಲ್ (ಕೆಳದವಡೆ ಮೂಳೆಯ ಮೇಲಿನ ಗುಂಡು ತುದಿ) ಬೆರಳ ಕೆಳಗೆ ಮುಂದಕ್ಕೆ ಜಾರೋದು ಗೊತ್ತಾಗುತ್ತೆ, ಅದರ ಹೊರಬದಿಯೇ ಲ್ಯಾಟರಲ್ ಪೋಲ್, ಮುಚ್ಚಿಸಿ ಅಲ್ಲೇ ಒತ್ತು. ಇನ್ನೊಂದು ಕೈ ತಲೆಯ ಆ ಕಡೆ ಆಸರೆಗೆ. 2014ರ ಡಿಸಿ/ಟಿಎಂಡಿ (ದವಡೆ ಜಾಯಿಂಟ್ ತೊಂದರೆ ಗುರುತಿಸೋ ಮಾನದಂಡ) ಪ್ರಕಾರ ಪೋಲ್ ಮೇಲೆ ಅರ್ಧ ಕೆಜಿ, 2 ಸೆಕೆಂಡ್ ಸಾಕು. 1 ಕೆಜಿ ಬೇಕಾಗೋದು ಸ್ನಾಯುಗಳಿಗೆ, ಮತ್ತೆ ದವಡೆ ಸ್ವಲ್ಪ ಮುಂದಕ್ಕೆ ಚಾಚಿಸಿ ಪೋಲ್ ಸುತ್ತ ಬೆರಳು ತಿರುಗಿಸುವಾಗ. ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಕಣ್ಣು ಮುಚ್ಚಿ ಒತ್ತು, 500 ಗ್ರಾಂಗೆ ಬೆರಳು ಪಳಗೋ ತನಕ.

ಪಾಲ್ಪೋಮೀಟರ್_ಫ್ಯಾನ್: ತಕ್ಕಡಿ ಎಲ್ಲ ಯಾಕ್ರೀ, ನನ್ನತ್ರ ಅರ್ಧ ಕೆಜಿ, 1 ಕೆಜಿ ಎರಡೂ ಪಾಲ್ಪೋಮೀಟರ್ (ಇಷ್ಟೇ ಒತ್ತಡ ಅಂತ ತೋರಿಸೋ ಸಾಧನ) ಇದೆ, ಪಿನ್ ರಿಂಗ್ ಮಟ್ಟಕ್ಕೆ ಬಂದ ತಕ್ಷಣ ಬೆರಳಿಗೇ ಗೊತ್ತಾಗುತ್ತೆ.

ಹಳೇ_ಡೆಂಟಿಸ್ಟ್: ಯಾರೂ ಕಿವಿ ಒಳಗೆ ಕಿರುಬೆರಳಿಟ್ಟು ನೋಡೋ ಮಾತೇ ಎತ್ತಿಲ್ಲ. ಜಾಯಿಂಟಿನ ಹಿಂಭಾಗ ಅಲ್ಲಿಂದ ಸಿಗುತ್ತೆ.

ಪಾಲ್ಪೋಮೀಟರ್_ಫ್ಯಾನ್: ಅಲ್ಲಿ ಎಷ್ಟು ಒತ್ತಿದ್ರಿ ಅಂತ ಅಳೆಯೋದು ಹೇಗೆ ಸರ್?

ಹಳೇ_ಡೆಂಟಿಸ್ಟ್: ಎಲ್ಲಾನೂ ಮೀಟರಲ್ಲಿ ಅಳೆಯಕ್ಕಾಗಲ್ಲಪ್ಪ, ಕೈಗೆ ರೂಢಿ ಬೇಕು.

ಫಿಸಿಯೋ_ಅಕ್ಕ: ಅದಕ್ಕೆ ಬೇರೆ ಥ್ರೆಡ್ ತೆಗೀರಿ ದಯವಿಟ್ಟು. ತಮ್ಮಾ, ಇನ್ನೊಂದು, ನೋವಾ ಅಂತ ಕೇಳಿ ಬಿಡಬೇಡ. ಈ 30 ದಿನದಲ್ಲಿ ಇದೇ ಜಾಗದಲ್ಲಿ ಇದೇ ಥರ ನೋವು ಬಂದಿತ್ತಾ ಅಂತ ಕೇಳಲೇಬೇಕು.

ಇಂಟರ್ನ್_ಹಲ್ಲು: ಅಕ್ಕ, ನಿನ್ನೆ ರಾತ್ರಿ ತಕ್ಕಡಿ ಮೇಲೆ ಬೆರಳು ಪಳಗಿಸಿ ಇವತ್ತು ಮತ್ತೆ ಆರೂ ಜನರನ್ನ ನೋಡಿದೆ. 500 ಗ್ರಾಂ ಎಷ್ಟು ಮೆತ್ತಗೆ ಅಂದ್ರೆ ಮೊದಲು ನಾನು ಒತ್ತಿದ್ದು ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ. ಐದು ಜನಕ್ಕೆ ಏನೂ ಇಲ್ಲ. ಒಬ್ಬಳಿಗೆ ಮಾತ್ರ ಬಲಗಡೆ ನೋವು, ನೀವು ಹೇಳಿದ ಪ್ರಶ್ನೆ ಕೇಳಿದೆ, ಸ್ವಲ್ಪ ಹೊತ್ತು ಸುಮ್ನಿದ್ದು ಬೆಳಗ್ಗೆ ಎದ್ದಾಗ ಬರೋದು ಇದೇ ನೋವು ಅಂದ್ಲು. ಯಾರಿಗೂ ಹೇಳಿರ್ಲಿಲ್ಲವಂತೆ.

ಡಿಸ್ಕ್_ಗುರು: ಅವರಿಗೆ ಕ್ಲಿಕ್ ಇದ್ಯಾ?