ಗೋಡು ಎತ್ತೋ ಮುಂಚೆ ಪೈಪು ಇಳಿಸಿ

ವಾಟ್ಸಾಪ್ ಗುಂಪು: ಸಿವಿಲ್ 98, ಮೈಸೂರು–ಮಂಡ್ಯ

ನಂಜುಂಡ: (ಫಾರ್ವರ್ಡ್) "ಹಡ್ಸನ್ ನದಿಯ ವಿಷದ ಹೂಳು ಎತ್ತಿ ಮೀನು ಉಳಿಸಿದ ಅಮೆರಿಕ! ನಮ್ಮ ಕೆರೆಗಳಿಗೂ ಇದೇ ಮದ್ದು. ಎತ್ತಿರಿ, ಗದ್ದೆಗೆ ಹೊಡೆಯಿರಿ!"

ನಂಜುಂಡ: ನೋಡ್ರಪ್ಪ, ಹಳೇ ಡಂಪ್ ಪಕ್ಕದ ಕೆರೆಗೂ ಇಷ್ಟೇ ಸಾಕು. ನೀರಿನ ರಿಪೋರ್ಟ್ ಪಾಸು. ಸತು ಲೀಟರಿಗೆ 1.1 ಮಿಲಿಗ್ರಾಂ. ಕುಡಿಯೋ ನೀರಿಗೇ 5ರ ತನಕ ಓಕೆ.

ಶೋಭಾ: ಆ 5 ಇರೋದು ನಿನ್ನ ಹೊಟ್ಟೆಗೆ, ಮೀನಿನ ಕಿವಿರಿಗಲ್ಲ. ಸತು ಕಿವಿರಿನ ಮೇಲೆ ಕೂತು ಕ್ಯಾಲ್ಸಿಯಂ ಒಳಗೆ ಹೋಗೋ ದಾರಿ ಮುಚ್ಚುತ್ತೆ, ತಾಮ್ರ ಸೋಡಿಯಂ ದಾರಿ ಮುಚ್ಚುತ್ತೆ. ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇರೋ ನೀರಲ್ಲಿ ಜಲಚರಗಳಿಗೆ ಅಮೆರಿಕದವರು ಇಟ್ಟಿರೋ ಸತುವಿನ ಮಿತಿ ಸುಮಾರು 0.12 ಮಿಲಿಗ್ರಾಂ.

ಮುರಳಿ: ನಮ್ಮ ಕಡೆ ನೀರು ಗಡಸು ಕಣಮ್ಮ. 300 ಅಂತಿಟ್ಕೋ.

ಶೋಭಾ: ಇಟ್ಕೊಂಡೆ. ಆಗಲೂ ಮಿತಿ 0.3ರ ಹತ್ತಿರ ಬರುತ್ತೆ. ಅದೂ ಕರಗಿರೋ ಸತುವಿಗೆ, ಅಂದ್ರೆ 0.45 ಮೈಕ್ರಾನ್ ಫಿಲ್ಟರ್ ದಾಟಿದ ನೀರಿಗೆ. ನಂಜುಂಡ, ರಿಪೋರ್ಟಲ್ಲಿ ಫಿಲ್ಟರ್ ಮಾಡಿದ್ದು ಅಂತ ಇದ್ಯಾ? ಗಡಸುತನದ ಕಾಲಂ?

ನಂಜುಂಡ: ಎರಡೂ ಇಲ್ಲ.

ಸಿದ್ದರಾಜು: ಯಾಕ್ಲಾ ನೀರಿನ ಹಿಂದೆ ಬಿದ್ದಿದ್ದೀರಾ, ಕೆಸರು ನೋಡ್ರಲಾ. ಆ ಫಾರ್ವರ್ಡು ಅರ್ಧ ಕತೆ ನುಂಗಿದೆ. ಕಾರ್ಖಾನೆಯವರು ಹಡ್ಸನ್‌ಗೆ ಪಿಸಿಬಿ (ಬೇಗ ಕೊಳೆಯದ, ಕೊಬ್ಬಲ್ಲಿ ಕೂರೋ ವಿಷದ ರಾಸಾಯನಿಕ ಎಣ್ಣೆ) ಬಿಟ್ಟಿದ್ದು 1947ರಿಂದ 1977ರವರೆಗೆ. 1973ರಲ್ಲಿ ಫೋರ್ಟ್ ಎಡ್ವರ್ಡ್ ಅಣೆಕಟ್ಟೆ ಕೆಡವಿ ತೆಗೆದಾಗ ಅದರ ಹಿಂದೆ ಕೂತಿದ್ದ ವಿಷದ ಕೆಸರು ರಾಶಿರಾಶಿ ಕೆಳಕ್ಕೆ ಹೋಯ್ತು. ಹೂಳೆತ್ತಿದ್ದು 2009ರಿಂದ 2015ರ ನಡುವೆ 6 ಹಂಗಾಮು, 27.5 ಲಕ್ಷ ಘನ ಗಜ. ಒಂದು ಬುಟ್ಟಿನೂ ಯಾರ ಹೊಲಕ್ಕೂ ಹೋಗಲಿಲ್ಲ. ದೋಣಿಯಲ್ಲಿ ದಡಕ್ಕೆ ತಂದು, ನೀರು ಹಿಂಡಿ, ಆ ನೀರನ್ನೂ ಶುದ್ಧ ಮಾಡಿ, ಕೆಸರನ್ನ ರೈಲಿಗೆ ಹಾಕಿ ಬೇರೆ ರಾಜ್ಯದ ಲ್ಯಾಂಡ್‌ಫಿಲ್‌ಗೆ ಕಳಿಸಿದ್ರು. ಎತ್ತುವಾಗ ಕದಡಿದ್ದಕ್ಕೆ ಮೀನಿನ ಮೈಯಲ್ಲಿ ಪಿಸಿಬಿ ಒಂದಷ್ಟು ದಿನ ಏರಿತ್ತು. ಮೇಲಿನ ಹಡ್ಸನ್ ಮೀನು ತಿನ್ನಬೇಡಿ ಅನ್ನೋ ಸೂಚನೆ ಎತ್ತಿದ ಮೇಲೂ ಹಾಗೇ ಇದೆ. "ಮೀನು ಉಳಿಸಿದ" ಅಂತೆ!

ಮುರಳಿ: ಅದು ಸಮುದ್ರ ಸೇರೋ ನದಿ. ನಮ್ಮದು ಕೆರೆ.

ಸಿದ್ದರಾಜು: ಕೋಡಿ ಬಿದ್ರೆ ಎಲ್ಲಿಗ್ ಹೋದಾತು? ಹಳ್ಳ, ಕಾವೇರಿ, ಪೂಂಪುಹಾರಲ್ಲಿ ಸಮುದ್ರ. ಹಡ್ಸನ್‌ನಲ್ಲೂ ಪೆಟ್ಟು ತಿಂದಿದ್ದು ಕಾರ್ಖಾನೆ ಮುಂದಿನ ಮೀನಷ್ಟೇ ಅಲ್ಲ. ಸಮುದ್ರದಿಂದ ಮೊಟ್ಟೆ ಇಡೋಕೆ ಬರೋ ಸ್ಟ್ರೈಪ್ಡ್ ಬಾಸ್ ಹಿಡಿದು ಮಾರೋ ಮೀನುಗಾರಿಕೆನೇ 1976ರಲ್ಲಿ ಮುಚ್ಚಿತು.

ನಂಜುಂಡ: ಸರಿ ಮಹಾನುಭಾವ. ಹಾಗಂತ ಕೆರೆ ಹೂಳು ತುಂಬ್ಕೊಂಡು ಸಾಯ್ಲಾ? ಬೇಸಿಗೆ ಮುಗಿದ್ರೆ ಜೆಸಿಬಿ ಇಳಿಯಲ್ಲ.

ಶೋಭಾ: ಎತ್ತಬೇಡ ಅಂದವರ್ಯಾರು? ಯಾವ ಪದರದಲ್ಲಿ ಏನಿದೆ ಅಂತ ನೋಡಿ ಎತ್ತು. 2 ಇಂಚಿನ ಪಿವಿಸಿ ಪೈಪು, ಒಂದೂವರೆ ಮೀಟರ್, ತುದಿ ಓರೆಯಾಗಿ ಉಜ್ಜಿದ್ದು. ಕೆಸರಿಗೆ ನೇರ ಇಳಿಸಿ, ಮೇಲಿನ ಬಾಯಿಗೆ ಬಿರಡೆ ಬಿಗಿದು ಎಳಿ. ಗಾಳಿ ಆಡಿದ್ರೆ ಮಣ್ಣು ಜಾರಿಹೋಗುತ್ತೆ, ಎಲ್ಲರೂ ಎಡವೋದು ಇಲ್ಲೇ. ಆಮೇಲೆ 0–10, 10–30, 30–60 ಸೆಂ.ಮೀ. ಅಂತ ಕತ್ತರಿಸಿ ಬೇರೆಬೇರೆ ಚೀಲಕ್ಕೆ. ಮೂರನ್ನೂ ಕಲೆಸಿ ಒಂದೇ ಸ್ಯಾಂಪಲ್ ಮಾಡಿದ್ರೆ ಕೆಟ್ಟ ಪದರ ಒಳ್ಳೆಯದರಲ್ಲಿ ಕರಗಿ ಕಾಣದೆ ಹೋಗುತ್ತೆ. ಡಂಪ್ ನಿಂತು ವರ್ಷಗಳಾಗಿದ್ರೆ ಮೇಲೆ ಹೊಸ ಮಣ್ಣು, ಕೆಳಗೆ ಹಳೇ ವಿಷ ಇರೋ ಸಾಧ್ಯತೆ ಹೆಚ್ಚು. ಜೆಸಿಬಿ ಮೇಲಿನದನ್ನ ಕೆರೆದು ಕೆಳಗಿನದನ್ನ ಮೀನಿನ ಬಾಯಿಗೆ ಇಡುತ್ತೆ.

ಸಿದ್ದರಾಜು: ಇನ್ನೊಂದು. ನೀರಡಿ ಕೆಸರಲ್ಲಿ ಲೋಹಗಳು ಗಂಧಕದ ಜತೆ ಸಲ್ಫೈಡಾಗಿ ಕಟ್ಟಿಬಿದ್ದಿರ್ತವೆ. ಬಿಸಿಲಿಗೆ ಹರಡಿದ್ರೆ ಸಲ್ಫೈಡ್ ಒಡೆದು ಆಮ್ಲ ಆಯ್ತದೆ, ಕ್ಯಾಡ್ಮಿಯಂ ಸತು ಬಿಡುಗಡೆ. ಅದನ್ನ ಗದ್ದೆಗೆ ಹೊಡೆದು, ತೆನೆ ಹಾಲುಗಟ್ಟೋ ಹೊತ್ತಲ್ಲಿ ನೀರು ಬಿಟ್ಟು ಒಣಗಿಸಿದ್ರೆ ಕ್ಯಾಡ್ಮಿಯಂ ಅಕ್ಕಿಗೇ ಏರುತ್ತೆ. ಮೀನು ಬಚಾವಾಯ್ತು ಅಂತ ಅನ್ನಕ್ಕೆ ವಿಷ ಬಡಿಸಿದಂಗೆ.

ಮುರಳಿ: ಎತ್ತದೆ 30 ಸೆಂ.ಮೀ. ಮರಳು ಹೊದಿಸಿದ್ರೆ? ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರೋ ಇದ್ದಿಲು ಪುಡಿ) ಸೇರಿಸಿ.

ಶೋಭಾ: ಸದಾ ನೀರಿರೋ ಬಂದರಿಗೆ ಅದು ಸರಿ. ಬೇಸಿಗೆಗೆ ಒಣಗಿ ಬಿರುಕು ಬಿಡೋ ಕೆರೆಯಲ್ಲಿ ದನ ಇಳಿದು ತುಳಿದ್ರೆ ಮುಗೀತು. ಕಾರ್ಬನ್ ಹಿಡಿಯೋದು ಮುಖ್ಯವಾಗಿ ಪಿಸಿಬಿ ಥರದ್ದನ್ನ, ಲೋಹಕ್ಕೆ ಅಷ್ಟು ನೆಚ್ಚಬೇಡ. ಅದಕ್ಕಿಂತ ಮುಂಚೆ ಡಂಪಿನ ಒಸರು ನಿಲ್ಲಬೇಕು. ಕಾರ್ಖಾನೆ ಇದ್ದ ಹಡ್ಸನ್ ಫಾಲ್ಸ್ ಊರಲ್ಲಿ ಕೊಳವೆಯಿಂದ ಬಿಡೋದು ನಿಂತ ಮೇಲೂ ಬಂಡೆಯ ಬಿರುಕಿಂದ ಪಿಸಿಬಿ ಎಣ್ಣೆ ಒಸರ್ತಾನೇ ಇತ್ತು, ಸುರಂಗ ಕೊರೆದು ಹಿಡಿಯಬೇಕಾಯ್ತು.

ನಂಜುಂಡ: ಮೀನು ಯಾವುದು ಕೊಡಲಿ ಲ್ಯಾಬಿಗೆ? ದೊಡ್ಡ ಕಟ್ಲಾ ಇದೆ.

ಸಿದ್ದರಾಜು: ಬಿತ್ತನೆ ತಂದು ಬಿಟ್ಟ ಕಟ್ಲಾ ಬೇಡ, ನೀರಿನ ಮೇಲೇ ಮೇಯುತ್ತೆ. ಅಲ್ಲೇ ಹುಟ್ಟಿ ಕೆಸರು ಕೆದಕೋ ಜಿಲೇಬಿ ಮೀನು (ತಿಲಾಪಿಯಾ) ಹಿಡಿ. ಒಂದೇ ಉದ್ದದ್ದು 8–10. ಲೋಹಕ್ಕೆ ಪ್ಲಾಸ್ಟಿಕ್ ಚೀಲ, ಪಿಸಿಬಿಗೆ ಅಲ್ಯೂಮಿನಿಯಂ ಹಾಳೆ, ಎರಡನ್ನೂ ಬೇರೆಬೇರೆ ಐಸಲ್ಲಿ. ಡಂಪಿಂದ ದೂರದ ಇನ್ನೊಂದು ಕೆರೆಯದ್ದೂ ಅಷ್ಟೇ ಸಂಖ್ಯೆ, ಇಲ್ಲಾಂದ್ರೆ ಹೋಲಿಸೋಕೆ ಏನಿರುತ್ತೆ?

ಮುರಳಿ: ಚರ್ಮ, ಕೊಬ್ಬು ತೆಗೆದು ತಿಂದ್ರೆ ಆಯ್ತಲ್ಲ ಅಂತ ಊರವರು ಕೇಳ್ತಾರೆ.

ಶೋಭಾ: ಪಿಸಿಬಿ ಸ್ವಲ್ಪ ಕಮ್ಮಿ ಆಗುತ್ತೆ, ಅದು ಕೊಬ್ಬಲ್ಲಿರೋದು. ಪಾದರಸ ಮಾಂಸಖಂಡದಲ್ಲೇ ಇರುತ್ತೆ, ಹುರಿದ್ರೂ ಬೇಯಿಸಿದ್ರೂ ಹೋಗಲ್ಲ.

ನಂಜುಂಡ: ಸರಿ, ಜೆಸಿಬಿಯವನಿಗೆ ಸೋಮವಾರ ಬರಬೇಡ ಅಂತೀನಿ. ಎಷ್ಟು ಕಡೆ ಪೈಪು ಇಳಿಸೋದು?

ಶೋಭಾ: ಕನಿಷ್ಠ 6. ಡಂಪ್ ಕಡೆ ದಡದಲ್ಲಿ 3, ನಡುವೆ 1, ತೂಬಿನ ಹತ್ತಿರ 1, ನೀರು ಒಳಬರೋ ಬಾಯಲ್ಲಿ 1.

ಸಿದ್ದರಾಜು: ತೂಬಿನ ಹತ್ತಿರ 2 ಮಾಡ್ಲಾ. ನಯ ಕೆಸರು ಕೂರೋದು ಅಲ್ಲೇ.

ಶೋಭಾ: 7.

ನಂಜುಂಡ: ಪಿಸಿಬಿಗೂ ಪಿವಿಸಿ ಪೈಪೇನಾ?

ಶೋಭಾ: ಅದಕ್ಕೆ ಸ್ಟೀಲ್. ಪ್ಲಾಸ್ಟಿಕ್ ಅದನ್ನ ಹೀರ್ಕೊಳುತ್ತೆ.